ಎಣಿಕೆಗೆ ಸಿಗದ ಕನ್ನಡ: ಚಿಕ್ಕಪೇಟೆ ಮೆಟ್ರೋ ನಿಲ್ದಾಣ ಮತ್ತು ಭಾಷಾ ಭೂದೃಶ್ಯ ಅಧ್ಯಯನದ ಮಿತಿಗಳು

ಸಾರಾಂಶ

ಸಾರ್ವಜನಿಕ ಫಲಕಗಳನ್ನು ಕುರಿತ ಭಾಷಾ ಭೂದೃಶ್ಯ ಅಧ್ಯಯನಗಳು ಬಹುಮಟ್ಟಿಗೆ ಎಣಿಕೆಯನ್ನು ಆಧರಿಸಿವೆ: ಎಷ್ಟು ಫಲಕಗಳಿವೆ, ಅವುಗಳಲ್ಲಿ ಯಾವ ಭಾಷೆಗಳಿವೆ, ಯಾವುದು ಮೇಲಿದೆ, ಯಾವುದು ದೊಡ್ಡದಾಗಿದೆ. ಬೆಂಗಳೂರಿನ ಚಿಕ್ಕಪೇಟೆ ಸುರಂಗ ನಿಲ್ದಾಣವನ್ನು ನಿದರ್ಶನವಾಗಿ ಇಟ್ಟುಕೊಂಡು ಈ ಲೇಖನವು ಆ ವಿಧಾನವನ್ನು ವಿಮರ್ಶಿಸುತ್ತದೆ. ಎಣಿಕೆಯು ಲಿಪಿಯನ್ನೇ ಭಾಷೆಯೆಂದು ಗ್ರಹಿಸುತ್ತದೆ, ಫಲಕದ ವ್ಯಾಕರಣವನ್ನು ಬದಿಗಿಡುತ್ತದೆ, ಓದುಗನು ನಿಂತಿರುವ ಜಾಗವನ್ನು ಮರೆಯುತ್ತದೆ ಎಂಬುದು ನಮ್ಮ ವಾದ. ನೆಲದ ಮೇಲೆ ಈ ಮೂರು ಕೊರತೆಗಳನ್ನು ಪರಿಸರವು ತುಂಬಿಕೊಡಬಲ್ಲದು. ನೆಲದಡಿಯಲ್ಲಿ ಆ ನೆರವಿಲ್ಲ.

ಪಾರಿಭಾಷಿಕ ಪದಗಳು: ಭಾಷಾ ಭೂದೃಶ್ಯ, ಸ್ಥಳನಾಮ, ಚತುರ್ಥಿ ವಿಭಕ್ತಿ, ನಾಮವಾಕ್ಯ, ದಿಕ್ಸೂಚಕ ಪದಗಳು, ನಮ್ಮ ಮೆಟ್ರೋ

1. ಪೀಠಿಕೆ

ನಮ್ಮ ಮೆಟ್ರೋ ಹಸಿರು ಮಾರ್ಗದ ಸುರಂಗ ಭಾಗವು 2017ರ ಜೂನ್ 18ರಂದು ಸಾರ್ವಜನಿಕ ಸಂಚಾರಕ್ಕೆ ತೆರೆಯಿತು. ಮೆಜೆಸ್ಟಿಕ್, ಚಿಕ್ಕಪೇಟೆ, ಕೃಷ್ಣ ರಾಜೇಂದ್ರ ಮಾರುಕಟ್ಟೆ ಈ ಭಾಗದ ಮೂರು ಸುರಂಗ ನಿಲ್ದಾಣಗಳು. ಎರಡು ವಾರಗಳು ಕಳೆಯುವಷ್ಟರಲ್ಲಿ, ಜುಲೈ ಮೊದಲ ವಾರದಲ್ಲಿ, ಮೆಜೆಸ್ಟಿಕ್ ಮತ್ತು ಚಿಕ್ಕಪೇಟೆ ನಿಲ್ದಾಣಗಳ ಹಿಂದಿ ನಾಮಫಲಕಗಳು ಕಾಗದ ಮತ್ತು ಟೇಪಿನ ಹಿಂದೆ ಮರೆಯಾಗಿದ್ದವು. ‘ನಮ್ಮ ಮೆಟ್ರೋ ಹಿಂದಿ ಬೇಡ’ ಎಂಬ ಘೋಷಣೆ ಸಾಮಾಜಿಕ ಜಾಲತಾಣಗಳಲ್ಲಿ ಹರಡಿತು. ಜುಲೈ ಕೊನೆಯಲ್ಲಿ ರಾಜ್ಯದ ಮುಖ್ಯಮಂತ್ರಿಗಳು ಕೇಂದ್ರ ಸರ್ಕಾರಕ್ಕೆ ಪತ್ರ ಬರೆದರು. ಮುಂದೆ ಹಿಂದಿ ಸಾಲುಗಳು ತೆರವಾಗಿ, ಕನ್ನಡ ಮತ್ತು ಇಂಗ್ಲಿಷ್ ಉಳಿದವು.

ಆ ಬೇಡಿಕೆ ನ್ಯಾಯವಾದದ್ದೆಂದು ನಾವು ಆಗಲೂ ತಿಳಿದಿದ್ದೆವು, ಈಗಲೂ ಹಾಗೆಯೇ ತಿಳಿಯುತ್ತೇವೆ. ಪ್ರಸ್ತುತ ಲೇಖನವು ಆ ವಾದವನ್ನು ಮತ್ತೆ ಕೆದಕುವುದಿಲ್ಲ. ನಮ್ಮ ಪ್ರಶ್ನೆ ಭಾಷಾವಿಜ್ಞಾನದ ಒಳಗಿನದು. ಅಂದು ಬೀದಿಯಲ್ಲಿ ನಡೆದ ಚರ್ಚೆಯೂ ಅದನ್ನು ಅನುಸರಿಸಿ ತರಗತಿಗಳಲ್ಲಿ ನಡೆದ ಚರ್ಚೆಯೂ ಒಂದೇ ಅಳತೆಗೋಲನ್ನು ಬಳಸಿದವು: ಫಲಕದ ಮೇಲೆ ಭಾಷೆಗಳು ಎರಡೋ ಮೂರೋ? ಭಾಷಾ ಭೂದೃಶ್ಯವನ್ನು ಪಾಠ ಮಾಡುವಾಗ ನಾವೂ ಇದೇ ಅಳತೆಗೋಲನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟಿದ್ದೇವೆ. ಛಾಯಾಚಿತ್ರ ತೆಗೆಯಿರಿ, ಕೋಷ್ಟಕದಲ್ಲಿ ತುಂಬಿಸಿರಿ, ಶೇಕಡಾವಾರು ಲೆಕ್ಕ ಹಾಕಿರಿ ಎಂದು ಹೇಳಿದ್ದೇವೆ. ಆದ್ದರಿಂದ ಈ ವಿಮರ್ಶೆಯ ಮೊದಲ ಗುರಿ ನಾವೇ. ಎರಡು ಭಾಷೆಗಳು ಉಳಿದ ಮೇಲೆ, ಉಳಿದ ಕನ್ನಡವು ಅಲ್ಲಿ ಏನು ಮಾಡುತ್ತಿದೆ ಎಂದು ಕೇಳುವ ಸಾಧನ ನಮ್ಮ ಬಳಿ ಇರಲಿಲ್ಲ.

2. ಎಣಿಕೆಯ ಪರಂಪರೆ

ಭಾಷಾ ಭೂದೃಶ್ಯ ಎಂಬ ಪರಿಕಲ್ಪನೆಗೆ ಇಂದಿನ ರೂಪ ಕೊಟ್ಟವರು ರಾಡ್ರಿಗ್ ಲ್ಯಾಂಡ್ರಿ ಮತ್ತು ರಿಚರ್ಡ್ ಬೂರೀ. 1997ರ ಅವರ ಪ್ರಬಂಧವು ರಸ್ತೆ, ಸ್ಥಳನಾಮ, ಅಂಗಡಿ, ಸರ್ಕಾರಿ ಕಟ್ಟಡ ಮುಂತಾದವುಗಳ ಫಲಕಗಳಿಗೆ ಎರಡು ಕಾರ್ಯಗಳನ್ನು ಗುರುತಿಸಿತು. ಒಂದು ಮಾಹಿತಿ ಕೊಡುವುದು, ಇನ್ನೊಂದು ಸಮುದಾಯವೊಂದರ ಸ್ಥಾನಮಾನವನ್ನು ಸಾಂಕೇತಿಕವಾಗಿ ತೋರುವುದು. ಕೆನಡಾದ ಫ್ರೆಂಚ್ ಭಾಷಿಕರ ಸಂದರ್ಭದಲ್ಲಿ ಹುಟ್ಟಿದ ಈ ವಿಂಗಡಣೆ ನಮ್ಮ ಸಂದರ್ಭಕ್ಕೂ ಒಗ್ಗುತ್ತದೆ. 2017ರ ವಿವಾದವು ಬಹುಪಾಲು ಎರಡನೆಯ ಕಾರ್ಯಕ್ಕೆ ಸೇರಿದ್ದು.

ಮೆಟ್ರೋ ನಿಲ್ದಾಣಕ್ಕೆ ಹೆಚ್ಚು ಹತ್ತಿರವಾದದ್ದು ಪೀಟರ್ ಬಾಕ್‌ಹೌಸ್ ಅವರ ಟೋಕಿಯೊ ಅಧ್ಯಯನ (2007). ಯಾಮಾನೊತೆ ವರ್ತುಲ ರೈಲು ಮಾರ್ಗದ ನಿಲ್ದಾಣಗಳ ಬಳಿಯ 28 ಪ್ರದೇಶಗಳಲ್ಲಿ ಅವರು 11,834 ಫಲಕಗಳನ್ನು ದಾಖಲಿಸಿದರು. ಅವುಗಳಲ್ಲಿ 2,444 ಬಹುಭಾಷಿಕ ಫಲಕಗಳೆಂದು ವರ್ಗೀಕರಿಸಿದರು. ನಿಶ್ಚಿತ ಚೌಕಟ್ಟಿನೊಳಗೆ ಇರುವ ಯಾವುದೇ ಬರಹವೂ ಒಂದು ಫಲಕ ಎಂಬುದು ಅವರ ಏಕಮಾನ. ಎಣಿಕೆಯನ್ನು ಶಿಸ್ತಿಗೆ ಒಳಪಡಿಸಿದ ಈ ಕೃತಿಗೆ ಕ್ಷೇತ್ರವು ಋಣಿಯಾಗಿದೆ. ಆದರೂ ಒಂದು ವಿಷಯ ಗಮನಾರ್ಹ. ಅಧ್ಯಯನದ ನಕ್ಷೆಯನ್ನು ನಿಲ್ದಾಣಗಳು ರೂಪಿಸಿದವು, ಅಧ್ಯಯನದ ವಸ್ತು ನಿಲ್ದಾಣದ ಸುತ್ತಲಿನ ಬೀದಿಯಾಯಿತು. ರೈಲಿನಿಂದ ಇಳಿದವನು ಬೀದಿಗೆ ಬರುವ ತನಕ ಏನನ್ನು ಓದುತ್ತಾನೆ, ಹೇಗೆ ಓದುತ್ತಾನೆ ಎಂಬುದು ಕೋಷ್ಟಕದ ಹೊರಗೆ ಉಳಿಯಿತು.

ರಾನ್ ಸ್ಕಾಲನ್ ಮತ್ತು ಸೂಜಿ ವಾಂಗ್ ಸ್ಕಾಲನ್ ಇದಕ್ಕಿಂತ ಮೊದಲೇ, 2003ರಲ್ಲಿ, ಬೇರೊಂದು ದಾರಿ ತೋರಿಸಿದ್ದರು. ಫಲಕದ ಅರ್ಥವು ಅದನ್ನು ನೆಟ್ಟ ಜಾಗದಿಂದ ಹುಟ್ಟುತ್ತದೆ ಎಂಬುದು ಅವರ ಮೂಲ ಪ್ರತಿಪಾದನೆ. ‘ನಿಲ್ಲಿ’ ಎಂಬ ಫಲಕ ಗೋದಾಮಿನಲ್ಲಿ ಒರಗಿಕೊಂಡಿದ್ದಾಗ ಯಾರಿಗೂ ಆಜ್ಞೆಯಲ್ಲ, ಕೂಡುರಸ್ತೆಯಲ್ಲಿ ನೆಟ್ಟಾಗ ಆಜ್ಞೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸಿದ್ಧವಾಗುತ್ತಿರುವ ಪ್ರಬಂಧಗಳ ಎರಡನೆಯ ಅಧ್ಯಾಯದಲ್ಲಿ ಸ್ಕಾಲನ್ ದಂಪತಿಯ ಹೆಸರು ತಪ್ಪದೆ ಬರುತ್ತದೆ. ನಾಲ್ಕನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಶೇಕಡಾವಾರು ಕೋಷ್ಟಕಗಳಷ್ಟೇ ಉಳಿದಿರುತ್ತವೆ.

ಕಾನೂನೂ ಇದೇ ಅಳತೆಯನ್ನು ಬಳಸುತ್ತದೆ ಎಂಬುದು ಕಾಕತಾಳೀಯವಲ್ಲ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಂದ ತಿದ್ದುಪಡಿಯು ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡವಿರಬೇಕು, ಅದು ಮೇಲ್ಭಾಗದಲ್ಲಿರಬೇಕು ಎಂದು ವಿಧಿಸುತ್ತದೆ. ಚಿಕ್ಕಪೇಟೆಯ ಜವಳಿ ಅಂಗಡಿಗಳ ಮಾಲೀಕರು ತಮ್ಮ ಫಲಕಗಳನ್ನು ಅಳೆಯಬೇಕಾದದ್ದು ಈ ನಿಯಮದಿಂದ. ಕಾನೂನಿಗೆ ಅಳೆಯಬಹುದಾದ ವಸ್ತು ಬೇಕು. ವಿಸ್ತೀರ್ಣವನ್ನು ಅಳೆಯಬಹುದು, ಆದ್ದರಿಂದ ಭಾಷೆ ಅಲ್ಲಿ ವಿಸ್ತೀರ್ಣವಾಗುತ್ತದೆ. ಕಾನೂನಿಗೆ ಈ ಸರಳೀಕರಣ ಅನಿವಾರ್ಯವಾಗಿರಬಹುದು. ಭಾಷಾವಿಜ್ಞಾನಕ್ಕೆ ಹಾಗಿಲ್ಲ.

3. ಒಂದು ಹೆಸರು, ಎಷ್ಟು ಭಾಷೆ?

2017ರಲ್ಲಿ ಕಾಗದದಿಂದ ಮುಚ್ಚಿದ ಸಾಲನ್ನೇ ಮೊದಲು ಪರಿಶೀಲಿಸೋಣ. ಅದು ದೇವನಾಗರಿಯಲ್ಲಿ ಬರೆದ ‘ಚಿಕ್ಕಪೇಟೆ’ ಎಂಬ ಹೆಸರು. ಹಿಂದಿಯ ಶಬ್ದಕೋಶಕ್ಕೆ ಸೇರಿದ ಯಾವ ಪದವೂ ಆ ಸಾಲಿನಲ್ಲಿ ಇರಲಿಲ್ಲ. ‘ಚಿಕ್ಕ’ ಎಂಬುದು ಕನ್ನಡದ ಗುಣವಾಚಕ. ‘ಪೇಟೆ’ಗೆ ತಮಿಳಿನಲ್ಲಿ ‘ಪೇಟ್ಟೈ’, ತೆಲುಗಿನಲ್ಲಿ ‘ಪೇಟ’, ಮರಾಠಿಯಲ್ಲಿ ‘ಪೇಠ್’ ಎಂಬ ಜೊತೆಗಾರರಿದ್ದಾರೆ. ಹೀಗೆ ಫಲಕದ ಮೇಲೆ ಇದ್ದದ್ದು ಒಂದೇ ಕನ್ನಡ ನಾಮಪದದ ಮೂರು ಲಿಪಿರೂಪಗಳು. ಎಣಿಕೆಯ ವಿಧಾನ ಅದನ್ನು ತ್ರಿಭಾಷಾ ಫಲಕವೆಂದು ದಾಖಲಿಸುತ್ತದೆ.

ಇದು ಕೇವಲ ತಾಂತ್ರಿಕ ಆಕ್ಷೇಪವೆಂದು ತೋರಬಹುದು. ಲಿಪಿಯು ಯಾರನ್ನು ಉದ್ದೇಶಿಸಿ ಬರೆಯಲಾಗಿದೆ ಎಂಬುದನ್ನು ಹೇಳುತ್ತದೆ, ವಿವಾದವಿದ್ದದ್ದೂ ಆ ಉದ್ದೇಶದ ಬಗೆಗೇ ಎಂದು ಉತ್ತರಿಸಬಹುದು. ಆ ಉತ್ತರವನ್ನು ನಾವು ಒಪ್ಪುತ್ತೇವೆ. ಆದರೆ ಒಪ್ಪಿದ ಕೂಡಲೇ ನಮ್ಮ ಕೋಷ್ಟಕದ ಶೀರ್ಷಿಕೆ ಬದಲಾಗಬೇಕು: ನಾವು ಎಣಿಸುತ್ತಿರುವುದು ಭಾಷೆಗಳನ್ನಲ್ಲ, ಉದ್ದೇಶಿತ ಓದುಗರನ್ನು. ಸ್ಥಳನಾಮಗಳಿಂದ ಸಾಮಾನ್ಯ ಪದಗಳಿಗೆ ಬಂದರೆ ಗೊಂದಲ ಇನ್ನೂ ಸ್ಪಷ್ಟವಾಗುತ್ತದೆ. ‘ಪ್ರವೇಶ’ ಎಂಬ ಪದ ಕನ್ನಡ ಲಿಪಿಯಲ್ಲಿದ್ದರೆ ಕನ್ನಡ, ದೇವನಾಗರಿಯಲ್ಲಿದ್ದರೆ ಹಿಂದಿ. ಪದ ಒಂದೇ, ಅರ್ಥ ಒಂದೇ, ವ್ಯತ್ಯಾಸ ಲಿಪಿಯದು ಮಾತ್ರ.

ಈಗ ಉಳಿದಿರುವ ಎರಡು ಸಾಲುಗಳಲ್ಲಿಯೂ ಎಣಿಕೆಗೆ ಕಾಣದ ಒಂದು ಸಂಗತಿಯಿದೆ. ಕನ್ನಡ ಸಾಲು ‘ಚಿಕ್ಕಪೇಟೆ’ ಎನ್ನುತ್ತದೆ. ರೋಮನ್ ಸಾಲಿನ ಮೊದಲ ಭಾಗದಲ್ಲಿ ‘ಚಿಕ್ಕ’ದ ಕೊನೆಯ ಸ್ವರವಿಲ್ಲ. ಇದನ್ನು ಆಂಗ್ಲರು ಕೆಡಿಸಿದ ಹೆಸರೆಂದು ಭಾವಿಸುವುದು ವಾಡಿಕೆ. ಬೆಂಗಳೂರಿನ ಆಡುಮಾತನ್ನು ಕೇಳಿದರೆ ಬೇರೆ ವಿವರಣೆ ಸಿಗುತ್ತದೆ. ಸಮಾಸದ ಪೂರ್ವಪದದ ಕೊನೆಯ ಹ್ರಸ್ವ ಅಕಾರ ಇಲ್ಲಿ ಲೋಪವಾಗುತ್ತದೆ, ಅದರ ಹಿಂದಿನ ದ್ವಿತ್ವವು ಸಡಿಲಗೊಳ್ಳುತ್ತದೆ: ಚಿಕ್ಕಪೇಟೆ ‘ಚಿಕ್ಪೇಟೆ’ಯಾಗುತ್ತದೆ, ಚಿಕ್ಕಮಗಳೂರು ‘ಚಿಕ್ಮಗ್ಳೂರು’ ಆಗುತ್ತದೆ, ದೊಡ್ಡಬಳ್ಳಾಪುರ ‘ದೊಡ್ಬಳ್ಳಾಪುರ’ವಾಗುತ್ತದೆ. ಹಾಗಾದರೆ ರೋಮನ್ ಸಾಲು ಆಡುಗನ್ನಡಕ್ಕೆ ಹತ್ತಿರವಾಗಿಯೂ ಕನ್ನಡ ಲಿಪಿಯ ಸಾಲು ಗ್ರಾಂಥಿಕ ರೂಪಕ್ಕೆ ನಿಷ್ಠವಾಗಿಯೂ ಇವೆ. ದ್ವಿಭಾಷಾ ಫಲಕವೆಂದು ನಾವು ಬರೆದುಕೊಳ್ಳುವುದು ಒಂದೇ ಭಾಷೆಯ ಎರಡು ಶೈಲಿಗಳ ಫಲಕವೂ ಆಗಿದೆ.

ಹೆಸರಿನ ಅರ್ಥಮೌಲ್ಯದ ಕಡೆಗೂ ಒಂದು ನೋಟ ಅಗತ್ಯ. ಒಂದನೆಯ ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆಂದು ಪರಂಪರೆ ಹೇಳುವ ಪೇಟೆಯಲ್ಲಿ ಎರಡು ಮುಖ್ಯ ಬೀದಿಗಳಿದ್ದವು. ಉತ್ತರದಿಂದ ದಕ್ಷಿಣಕ್ಕೆ ದೊಡ್ಡಪೇಟೆ, ಪೂರ್ವದಿಂದ ಪಶ್ಚಿಮಕ್ಕೆ ಚಿಕ್ಕಪೇಟೆ. ಅವೆರಡೂ ಸೇರುವ ಚೌಕವೇ ಊರಿನ ನಡುಮಧ್ಯ. ಸಸ್ಯೂರ್ ಹೇಳಿದಂತೆ ಚಿಹ್ನೆಯ ಮೌಲ್ಯವು ಇತರ ಚಿಹ್ನೆಗಳೊಡನೆ ಅದಕ್ಕಿರುವ ಭೇದದಿಂದ ಬರುವುದಾದರೆ, ‘ಚಿಕ್ಕ’ ಎಂಬುದಕ್ಕೆ ಮೌಲ್ಯ ಕೊಟ್ಟದ್ದು ಪಕ್ಕದ ‘ದೊಡ್ಡ’. ದೊಡ್ಡಪೇಟೆ ಈಗ ಅವೆನ್ಯೂ ರಸ್ತೆ. ಜೋಡಿ ಮುರಿದಿದೆ, ಚಿಕ್ಕದು ಒಂಟಿಯಾಗಿದೆ. ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂಬ ಹೆಸರುಗಳು ಸರಕನ್ನೋ ಕಸುಬನ್ನೋ ಹೇಳಿದರೆ, ಚಿಕ್ಕಪೇಟೆ ತನ್ನ ಗಾತ್ರವನ್ನು ಮಾತ್ರ, ಅದೂ ಕಾಣೆಯಾದ ಜೋಡಿಯೊಂದಕ್ಕೆ ಹೋಲಿಸಿ, ಹೇಳುತ್ತದೆ.

ಈ ಮಾರ್ಗದ ನಾಮಕರಣದಲ್ಲಿ ಏಕನೀತಿಯಿಲ್ಲ ಎಂಬುದೂ ಇಲ್ಲಿ ಪ್ರಸ್ತುತ. ‘ಮೆಜೆಸ್ಟಿಕ್’ ಒಂದು ಚಿತ್ರಮಂದಿರದ ಹೆಸರಿನಿಂದ ಬಂದ ಇಂಗ್ಲಿಷ್ ಪದ. ಅದಕ್ಕೆ ಈಗ ನಾಡಪ್ರಭು ಕೆಂಪೇಗೌಡರ ಹೆಸರು ಮುಂದೆ ಸೇರಿದೆ. ‘ಚಿಕ್ಕಪೇಟೆ’ ಲಿಪ್ಯಂತರವಾಗಿ ಇಂಗ್ಲಿಷಿಗೆ ಹೋಗಿದೆ. ‘ಕೃಷ್ಣ ರಾಜೇಂದ್ರ ಮಾರುಕಟ್ಟೆ’ ಮತ್ತು 2021ರಲ್ಲಿ ತೆರೆದ ವಿಸ್ತರಣೆಯ ಕೊನೆಯ ನಿಲ್ದಾಣ ‘ರೇಷ್ಮೆ ಸಂಸ್ಥೆ’ ಅನುವಾದಗೊಂಡಿವೆ. ಮಾರುಕಟ್ಟೆಗೆ ಹೋಗುವ ಬೆಂಗಳೂರಿಗನ ಬಾಯಲ್ಲಿ ಇರುವುದು ‘ಮಾರ್ಕೆಟ್ಟು’. ಎಣಿಕೆಯ ಕೋಷ್ಟಕದಲ್ಲಿ ಈ ನಾಲ್ಕೂ ‘ಕನ್ನಡ ಇದೆ’ ಎಂಬ ಒಂದೇ ಅಂಕಣಕ್ಕೆ ಬೀಳುತ್ತವೆ.

4. ನಾಮಪದ, ಬಾಣ ಮತ್ತು ಕಾಣೆಯಾದ ಪ್ರತ್ಯಯ

ಹೆಸರಿನ ಫಲಕವು ‘ಇದು ಯಾವ ಸ್ಥಳ’ ಎಂಬುದಕ್ಕೆ ಉತ್ತರ. ನಿಲ್ದಾಣದೊಳಗೆ ಅದಕ್ಕಿಂತ ಹೆಚ್ಚು ಕೆಲಸ ಮಾಡುವವು ‘ಎಲ್ಲಿಗೆ ಯಾವ ದಾರಿ’ ಎಂದು ತೋರುವ ಫಲಕಗಳು. ಜಗತ್ತಿನ ಮೆಟ್ರೋಗಳು ಇದಕ್ಕೆ ಬಹುಮಟ್ಟಿಗೆ ಒಂದೇ ಸೂತ್ರವನ್ನು ಬಳಸುತ್ತವೆ: ಒಂದು ಬಾಣ, ಒಂದು ದ್ವಾರದ ಗುರುತು, ಕೆಲವು ಸ್ಥಳನಾಮಗಳ ಪಟ್ಟಿ. ಯಾವುದೇ ಒಂದು ನಿಲ್ದಾಣದ ಆಯ್ಕೆಗಿಂತ ಈ ಸೂತ್ರವೇ ನಮ್ಮ ವಿಮರ್ಶೆಯ ವಿಷಯ. ಇಂಗ್ಲಿಷಿನಲ್ಲಿ ರೂಪುಗೊಂಡ ಸೂತ್ರ ಕನ್ನಡಕ್ಕೆ ಬಂದಾಗ ವ್ಯಾಕರಣದ ದೃಷ್ಟಿಯಿಂದ ಏನಾಗುತ್ತದೆ?

ಕನ್ನಡದಲ್ಲಿ ಗಮ್ಯವನ್ನು ತೋರುವುದು ಚತುರ್ಥಿ ವಿಭಕ್ತಿ: ಅವೆನ್ಯೂ ರಸ್ತೆಗೆ, ಬಳೇಪೇಟೆಗೆ, ವೃತ್ತಕ್ಕೆ. ಗಮ್ಯವನ್ನು ಮುಟ್ಟದೆ ದಿಕ್ಕನ್ನಷ್ಟೇ ಹೇಳಬೇಕಾದರೆ ‘ಕಡೆಗೆ’ ಎಂಬ ಪದವಿದೆ. ಪ್ಲಾಟ್‌ಫಾರಂನಲ್ಲಿ ಈ ಭೇದ ಉಪಯುಕ್ತ. ಚಿಕ್ಕಪೇಟೆಯಿಂದ ಮಾರುಕಟ್ಟೆ ನಿಲ್ದಾಣಕ್ಕೆ ಹೋಗುವವನು ಹತ್ತಬೇಕಾದದ್ದು ರೇಷ್ಮೆ ಸಂಸ್ಥೆಯ ಕಡೆಗೆ ಹೋಗುವ ರೈಲನ್ನು. ಅವನು ರೇಷ್ಮೆ ಸಂಸ್ಥೆಗೆ ಹೋಗುತ್ತಿಲ್ಲ. ಆಡುವಾಗ ಈ ವ್ಯತ್ಯಾಸವನ್ನು ಕನ್ನಡಿಗರು ತಪ್ಪುವುದಿಲ್ಲ. ಫಲಕದ ಸೂತ್ರದಲ್ಲಿ ಪ್ರತ್ಯಯವೂ ಇಲ್ಲ, ‘ಕಡೆಗೆ’ಯೂ ಇಲ್ಲ. ಎರಡರ ಜಾಗದಲ್ಲಿ ಬಾಣವಿದೆ.

ಇಂಗ್ಲಿಷಿನಲ್ಲಿಯೂ ಉಪಸರ್ಗ ಲೋಪವಾಗಿದೆಯಲ್ಲ ಎಂದು ಕೇಳಬಹುದು. ಎರಡು ಲೋಪಗಳ ಪರಿಣಾಮ ಒಂದೇ ಅಲ್ಲ. ಇಂಗ್ಲಿಷಿನ ವಾಕ್ಯರಚನೆಗೆ ಕ್ರಿಯಾಪದ ಬೇಕು, ಆದ್ದರಿಂದ ಬರಿಯ ನಾಮಪದವನ್ನು ಓದುಗನು ವಾಕ್ಯದ ತುಣುಕೆಂದೇ ಗ್ರಹಿಸುತ್ತಾನೆ. ಕನ್ನಡದಲ್ಲಿ ನಾಮವಾಕ್ಯಕ್ಕೆ ಕ್ರಿಯಾಪದ ಬೇಕಿಲ್ಲ. ‘ಇದು ಚಿಕ್ಕಪೇಟೆ’ ಪೂರ್ಣ ವಾಕ್ಯ. ‘ಇದು ಏನು?’ ಎಂಬ ಪ್ರಶ್ನೆಗೆ ‘ಚಿಕ್ಕಪೇಟೆ’ ಎಂಬ ಒಂದೇ ಪದ ಪೂರ್ಣ ಉತ್ತರ. ಪ್ರಥಮಾ ವಿಭಕ್ತಿಯಲ್ಲಿ ನಿಂತ ನಾಮಪದವು ಆದ್ದರಿಂದ ಕನ್ನಡದ ಓದುಗನಿಗೆ ಮೊದಲು ಗುರುತಾಗಿ ಒದಗುತ್ತದೆ, ಬಳಿಕವೇ ದಾರಿಯಾಗುತ್ತದೆ. ಗುರುತಿನಿಂದ ದಾರಿಗೆ ಅವನನ್ನು ದಾಟಿಸಬೇಕಾದ ಹೊಣೆಯೆಲ್ಲ ಬಾಣದ ಮೇಲಿದೆ. ಬಾಣವು ಇಲ್ಲಿ ಚತುರ್ಥಿ ಪ್ರತ್ಯಯದ ಸ್ಥಾನದಲ್ಲಿ ನಿಂತಿದೆ ಎಂದರೆ ಅತಿಶಯೋಕ್ತಿಯಲ್ಲ.

ಈ ‘ಪ್ರತ್ಯಯ’ಕ್ಕೆ ಸ್ವತಃ ಒಂದು ದೋಷವಿದೆ. ಮೇಲ್ಮುಖವಾದ ಬಾಣಕ್ಕೆ ‘ಮುಂದಕ್ಕೆ’ ಎಂಬ ಅರ್ಥವೂ ಇದೆ, ‘ಮೇಲಕ್ಕೆ’ ಎಂಬ ಅರ್ಥವೂ ಇದೆ. ರಸ್ತೆಯಲ್ಲಿ ಈ ದ್ವಂದ್ವಾರ್ಥದಿಂದ ತೊಂದರೆಯಿಲ್ಲ, ಅಲ್ಲಿ ಮೇಲಕ್ಕೆ ಹೋಗುವ ಸಾಧ್ಯತೆಯೇ ಇರುವುದಿಲ್ಲ. ಸುರಂಗ ನಿಲ್ದಾಣದಲ್ಲಿ ಪ್ಲಾಟ್‌ಫಾರಂ ಒಂದು ಹಂತ, ಟಿಕೆಟ್ ಗೇಟುಗಳಿರುವ ಅಂಗಣ ಇನ್ನೊಂದು ಹಂತ, ಬೀದಿ ಮೂರನೆಯದು. ಮೆಟ್ಟಿಲಿನ ಬಳಿ ನಿಂತವನಿಗೆ ಮುಂದಕ್ಕೆ ಮತ್ತು ಮೇಲಕ್ಕೆ ಎರಡೂ ನಿಜವಾದ ಆಯ್ಕೆಗಳು. ಕನ್ನಡವು ಎರಡು ಪದಗಳಲ್ಲಿ ಬೇರ್ಪಡಿಸುವುದನ್ನು ಬಾಣ ಒಂದರಲ್ಲಿ ಬೆರೆಸುತ್ತದೆ. ಎಲ್ಲ ಭಾಷೆಗಳಿಗೂ ಸಮಾನವೆಂದು ನಾವು ಭಾವಿಸುವ ಬಾಣದ ಮೌನಕ್ಕೆ ಬೆಲೆ ತೆರುವವನು ವಿಭಕ್ತಿಯ ನೆರವಿನಿಂದ ಓದಲು ಕಲಿತವನು.

ನಮ್ಮ ವಾದಕ್ಕೆ ಎದುರಾಗಬಹುದಾದ ಬಲವಾದ ನಿದರ್ಶನವೊಂದನ್ನು ನಾವೇ ಎತ್ತುವುದು ಉಚಿತ. ನಗರ ಸಾರಿಗೆಯ ನಿರ್ವಾಹಕನು ಬಾಗಿಲಿಗೆ ಆತುಕೊಂಡು ‘ಮಾರ್ಕೆಟ್, ಮಾರ್ಕೆಟ್, ಮಾರ್ಕೆಟ್’ ಎಂದು ಕೂಗುತ್ತಾನೆ. ಅವನೂ ಚತುರ್ಥಿಯನ್ನು ಬಳಸುವುದಿಲ್ಲ. ಯಾರೂ ಅದನ್ನು ‘ಇದು ಮಾರ್ಕೆಟ್’ ಎಂದು ತಪ್ಪು ತಿಳಿಯುವುದೂ ಇಲ್ಲ. ಹಾಗಾದರೆ ಕನ್ನಡಕ್ಕೆ ಬರಿಯ ನಾಮಪದ ಒಗ್ಗದು ಎಂಬ ಮಾತು ಬಿದ್ದುಹೋಗುವುದಿಲ್ಲವೇ? ಹಾಗೆ ಹೇಳಿದ್ದರೆ ಬಿದ್ದುಹೋಗುತ್ತಿತ್ತು. ನಿರ್ವಾಹಕನ ಕೂಗಿನಲ್ಲಿ ಪ್ರತ್ಯಯದ ಕೆಲಸವನ್ನು ಬಸ್ಸೇ ಮಾಡುತ್ತಿದೆ. ಹೊರಡಲು ಸಿದ್ಧವಾಗಿ ನಿಂತ ಬಸ್ಸು, ಅದರ ಮುಖ ತಿರುಗಿರುವ ದಿಕ್ಕು, ಕೂಗಿನ ಪುನರಾವರ್ತನೆ, ಕೈಸನ್ನೆ ಇವೆಲ್ಲ ಸೇರಿ ‘ಗೆ’ ಎಂಬ ಅರ್ಥವನ್ನು ಪೂರೈಸುತ್ತವೆ. ಸ್ಕಾಲನ್ ದಂಪತಿಯ ಮಾತು ಇಲ್ಲಿ ಸಾರ್ಥಕವಾಗುತ್ತದೆ: ಪರಿಸರವು ಕೊಡುವುದನ್ನು ವ್ಯಾಕರಣ ಬಿಡಬಹುದು. ಸುರಂಗದೊಳಗೆ ಪರಿಸರ ಏನು ಕೊಡುತ್ತದೆ? ಸೂರ್ಯನಿಲ್ಲ, ಗೋಪುರವಿಲ್ಲ, ಪರಿಚಿತ ಅಂಗಡಿಯ ಮೂಲೆಯಿಲ್ಲ, ಬೀದಿಯ ಇಳಿಜಾರಿಲ್ಲ. ಚಿಕ್ಕಪೇಟೆಯ ದಾರಿ ಹೇಳುವ ಕನ್ನಡವೆಲ್ಲ ‘ಆ ದೇವಸ್ಥಾನದ ಪಕ್ಕ’, ‘ಬಾಂಡ್ಲಿ ಅಂಗಡಿ ಎದುರು’, ‘ಕೆಳಗೆ ಇಳಿದು ಬಲಕ್ಕೆ’ ಎಂಬ ಬಗೆಯದು. ನೆಲದಡಿಯಲ್ಲಿ ಈ ಆಧಾರಗಳು ಒಂದೂ ಇಲ್ಲದಿರುವಾಗ, ಇರುವ ಒಂದೇ ಆಧಾರವಾದ ಫಲಕದಿಂದ ವ್ಯಾಕರಣವನ್ನೂ ತೆಗೆದುಬಿಟ್ಟಿದ್ದೇವೆ.

5. ‘ನಿರ್ಗಮನ’ ಮತ್ತು ‘ಆಚೆ’

ಪದಕೋಶದ ಮಟ್ಟದಲ್ಲಿ ಒಂದೇ ಉದಾಹರಣೆ ಸಾಕು. ಹೊರಹೋಗುವ ದಾರಿಗೆ ನಮ್ಮ ಸಾರ್ವಜನಿಕ ಕಟ್ಟಡಗಳಲ್ಲಿ ‘ನಿರ್ಗಮನ’ ಎಂಬ ತತ್ಸಮ ರೂಢವಾಗಿದೆ. ತತ್ಸಮವೆಂಬ ಕಾರಣಕ್ಕೇ ಅದನ್ನು ಆಕ್ಷೇಪಿಸುವವರ ಜೊತೆ ನಾವಿಲ್ಲ. ‘ಪ್ರವೇಶ’ವೂ ತತ್ಸಮ, ಅದರಿಂದ ಯಾರಿಗೂ ತೊಡಕಾಗಿಲ್ಲ. ತೊಡಕಿರುವುದು ‘ನಿರ್ಗಮನ’ದ ಅರ್ಥವ್ಯಾಪ್ತಿಯಲ್ಲಿ. ರೈಲು ವೇಳಾಪಟ್ಟಿಯಲ್ಲಿ ‘ಆಗಮನ’, ‘ನಿರ್ಗಮನ’ ಎಂಬ ಜೋಡಿಯು ಗಾಡಿಯ ಬರುವಿಕೆ ಮತ್ತು ಹೊರಡುವಿಕೆಯನ್ನು ಸೂಚಿಸುತ್ತದೆ. ಅಲ್ಲಿ ನಿರ್ಗಮಿಸುವುದು ಗಾಡಿ, ಇಲ್ಲಿ ಮನುಷ್ಯ. ಇಂಗ್ಲಿಷ್ ಎರಡು ಬೇರೆ ಪದಗಳಲ್ಲಿ ಹೇಳುವುದನ್ನು ಅನುವಾದದ ಕನ್ನಡವು ಒಂದೇ ಪದದಲ್ಲಿ ಹೇಳುತ್ತಿದೆ. ಮೈಸೂರಿನಿಂದಲೋ ತುಮಕೂರಿನಿಂದಲೋ ರೈಲಿನಲ್ಲಿ ಬಂದು, ಮೆಜೆಸ್ಟಿಕ್ಕಿನಲ್ಲಿ ಮೆಟ್ರೋ ಹತ್ತಿ, ಮದುವೆಯ ಜವಳಿಗಾಗಿ ಚಿಕ್ಕಪೇಟೆಯಲ್ಲಿ ಇಳಿಯುವವರು ಒಂದೇ ಬೆಳಗಿನಲ್ಲಿ ಈ ಪದವನ್ನು ಎರಡು ಅರ್ಥಗಳಲ್ಲಿ ಓದಬೇಕು.

ಅದೇ ಪ್ರಯಾಣಿಕರು ಕೇಳುವುದಾದರೂ ‘ಆಚೆ ಹೋಗೋದು ಯಾವ ಕಡೆ?’ ಎಂದು. ಬೆಂಗಳೂರು, ಮೈಸೂರು ಸೀಮೆಯ ಮಾತಿನಲ್ಲಿ ‘ಆಚೆ’ ಎಂದರೆ ಹೊರಗೆ. ಬೇರೆ ಸೀಮೆಗಳಲ್ಲಿ ಅದು ‘ಅತ್ತ ಬದಿ’. ಆದ್ದರಿಂದ ‘ಆಚೆ’ಯನ್ನೇ ಫಲಕಕ್ಕೆ ಹಾಕಿರಿ ಎಂಬ ಸಲಹೆ ನಮ್ಮದಲ್ಲ. ಎಲ್ಲ ಸೀಮೆಗಳಿಗೂ ತಿಳಿಯುವ ‘ಹೊರಗೆ’ ಎಂಬ ಪದ ನಮ್ಮಲ್ಲಿದೆ. ಅದರಲ್ಲಿ ಚತುರ್ಥಿಯ ಛಾಯೆಯೂ ಸೇರಿದೆ. ಬಾಣವಿಲ್ಲದೆಯೂ ಅದು ಚಲನೆಯನ್ನು ಹೇಳಬಲ್ಲದು. ಕನ್ನಡ ವ್ಯಾಕರಣವನ್ನು ಕನ್ನಡದ ಒಳಗಿನಿಂದಲೇ ಕಟ್ಟಬೇಕೆಂದು ಡಿ.ಎನ್. ಶಂಕರ ಭಟ್ಟರು ವಾದಿಸಿದಾಗ ಬಹುತೇಕ ಚರ್ಚೆ ಪದಗಳ ಮೂಲದ ಸುತ್ತ ತಿರುಗಿತು. ಪದದ ಮೂಲಕ್ಕಿಂತ ಪದದ ನಡತೆ ಮುಖ್ಯವೆಂಬ ಅವರ ಕಾಣ್ಕೆಯನ್ನು ಪರೀಕ್ಷಿಸಲು ಇಂಥ ಫಲಕಗಳಿಗಿಂತ ಒಳ್ಳೆಯ ಜಾಗ ವಿರಳ.

6. ಕಿವಿಗೆ ಬೀಳುವ ನಿಲ್ದಾಣ

ಭಾಷಾ ಭೂದೃಶ್ಯ ಎಂಬ ಹೆಸರೇ ಕಣ್ಣಿಗೆ ಸಂಬಂಧಿಸಿದ್ದು. ಸುರಂಗದಲ್ಲಿ ಸಾಗುವ ರೈಲಿನ ಒಳಗೆ ಕಿಟಕಿಯಾಚೆ ಕತ್ತಲು. ಮುಂದಿನ ನಿಲ್ದಾಣ ಯಾವುದೆಂದು ಹೇಳುವವು ಬಾಗಿಲ ಮೇಲಿನ ಪಟ್ಟಿ ಮತ್ತು ಧ್ವನಿ ಪ್ರಕಟಣೆ. ನಮ್ಮ ಮೆಟ್ರೋದ ಕನ್ನಡ ಪ್ರಕಟಣೆಗಳ ಧ್ವನಿ, 2024ರ ಜುಲೈ 11ರಂದು ನಿಧನರಾದ ನಿರೂಪಕಿ ಅಪರ್ಣಾ ಅವರದು. ನಗರಕ್ಕೆ ಹೊಸದಾಗಿ ಬಂದ ಅನೇಕರು ಪ್ರತಿದಿನ ಕೇಳುವ ಅಚ್ಚುಕಟ್ಟಾದ ಶಿಷ್ಟ ಕನ್ನಡ ಬಹುಶಃ ಇದೊಂದೇ. ಓದಲು ಬಾರದವರಿಗೂ, ಕಣ್ಣು ಕಾಣದವರಿಗೂ ನಿಲ್ದಾಣವೆಂದರೆ ಈ ಧ್ವನಿಯೇ. ಎಣಿಕೆಯ ಕೋಷ್ಟಕದಲ್ಲಿ ಇದಕ್ಕೊಂದು ಅಂಕಣವಿಲ್ಲ.

ಪ್ರಕಟಣೆಯು ನಿಲ್ದಾಣದ ಹೆಸರಿನ ಜೊತೆಗೆ ಬಾಗಿಲು ತೆರೆಯುವ ಬದಿಯನ್ನೂ ಹೇಳುತ್ತದೆ: ಎಡ ಅಥವಾ ಬಲ. ಇದು ಯಾರ ಎಡ? ರೈಲು ಚಲಿಸುವ ದಿಕ್ಕಿಗೆ ಮುಖ ಮಾಡಿದವನ ಎಡ. ನಮ್ಮ ಮೆಟ್ರೋದ ಆಸನಗಳು ಬೋಗಿಯ ಉದ್ದಕ್ಕೂ ಎದುರುಬದುರಾಗಿವೆ. ಕುಳಿತವರಲ್ಲಿ ಯಾರೊಬ್ಬರೂ ಚಲನೆಯ ದಿಕ್ಕಿಗೆ ಮುಖ ಮಾಡಿರುವುದಿಲ್ಲ. ರೈಲಿನ ಎಡ ಬದಿ ಒಂದು ಸಾಲಿನವರಿಗೆ ಬೆನ್ನ ಹಿಂದೆ, ಇನ್ನೊಂದು ಸಾಲಿನವರಿಗೆ ಕಣ್ಣ ಮುಂದೆ. ನೆಲದ ಮೇಲಿನ ಮಾರ್ಗದಲ್ಲಿ ಹೊರಗೆ ಓಡುವ ಮರ, ಮಾಳಿಗೆಗಳು ಚಲನೆಯ ದಿಕ್ಕನ್ನು ಸದಾ ನೆನಪಿಸುತ್ತವೆ. ಸುರಂಗದಲ್ಲಿ ಆ ಸುಳಿವು ಮಸುಕು.

ಸ್ಥಳವನ್ನು ಸೂಚಿಸಲು ಭಾಷೆಗಳು ಬಳಸುವ ಚೌಕಟ್ಟುಗಳನ್ನು ಸ್ಟೀಫನ್ ಲೆವಿನ್ಸನ್ (2003) ಮೂರಾಗಿ ವಿಂಗಡಿಸಿದ್ದಾರೆ. ವಸ್ತುವಿನ ಒಳಗುಣವನ್ನು ಆಧರಿಸಿದ್ದು, ನೋಡುವವನನ್ನು ಆಧರಿಸಿದ್ದು, ದಿಕ್ಕುಗಳನ್ನು ಆಧರಿಸಿದ್ದು. ನಮ್ಮ ನೆರೆಯ ತಮಿಳನ್ನು ಅಧ್ಯಯನ ಮಾಡಿದ ಎರಿಕ್ ಪೆಡರ್ಸನ್, ಹಳ್ಳಿಯ ತಮಿಳರು ದಿಕ್ಕುಗಳನ್ನೂ ಪಟ್ಟಣದ ತಮಿಳರು ಎಡಬಲಗಳನ್ನೂ ಹೆಚ್ಚಾಗಿ ಬಳಸುವರೆಂದು ತೋರಿಸಿದರು. ಮೂಡಲು, ಪಡುವಲು, ತೆಂಕಲು, ಬಡಗಲುಗಳಲ್ಲಿ ಹಟ್ಟಿ, ಗದ್ದೆಗಳನ್ನು ಗುರುತಿಸುವ ಕನ್ನಡ ಇನ್ನೂ ಜೀವಂತವಾಗಿದೆ. ಪೂರ್ವಪಶ್ಚಿಮವಾಗಿ ಹಾಸಿದ ಬೀದಿಯೊಂದರ ಅಡಿಯಲ್ಲಿ ಆ ಕನ್ನಡಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ಪ್ರಕಟಣೆಯ ‘ಎಡ’ ರೈಲಿನ ಒಳಗುಣವನ್ನು ಆಧರಿಸಿದ್ದು, ಕೇಳುವವನು ಅದನ್ನು ತನ್ನ ದೇಹದ ‘ಎಡ’ವೆಂದು ಅರ್ಥೈಸುವ ಸಾಧ್ಯತೆಯೇ ಹೆಚ್ಚು. ಈ ತೊಡಕು ಕನ್ನಡಕ್ಕೆ ವಿಶಿಷ್ಟವಲ್ಲ, ಇಂಗ್ಲಿಷ್ ಪ್ರಕಟಣೆಗೂ ಇದು ಅನ್ವಯಿಸುತ್ತದೆ. ಆದರೆ ‘ಎರಡೂ ಭಾಷೆಗಳಲ್ಲಿ ಪ್ರಕಟಣೆ ಇದೆ’ ಎಂದು ಬರೆದುಕೊಂಡು ಮುಂದೆ ಹೋಗುವ ಸಂಶೋಧಕನಿಗೆ ಇಂಥದೊಂದು ಪ್ರಶ್ನೆ ಏಳುವುದೇ ಇಲ್ಲ.

7. ಆಕ್ಷೇಪಗಳು ಮತ್ತು ಒಂದು ಪ್ರಸ್ತಾವ

ಮೊದಲ ಆಕ್ಷೇಪ: ಫಲಕ ಚಿಕ್ಕದಾಗಿರಬೇಕು, ಪ್ರತ್ಯಯಗಳಿಗೆ ಜಾಗವಿಲ್ಲ. ‘ಗೆ’ ಒಂದು ಅಕ್ಷರ. ‘ರಸ್ತೆ’ಯನ್ನು ‘ರಸ್ತೆಗೆ’ ಮಾಡಲು ಬೇಕಾದ ಜಾಗವು ಬಾಣಕ್ಕೆ ಬೇಕಾದದ್ದಕ್ಕಿಂತ ಕಡಿಮೆ.

ಎರಡನೆಯದು ಹೆಚ್ಚು ಗಂಭೀರ: ಎಣಿಕೆ ಇಲ್ಲದಿದ್ದರೆ ಹಕ್ಕಿನ ವಾದಕ್ಕೆ ಪುರಾವೆ ಎಲ್ಲಿಂದ? ಕನ್ನಡವೇ ಇಲ್ಲದ ಫಲಕದ ವ್ಯಾಕರಣವನ್ನು ಚರ್ಚಿಸಲು ಸಾಧ್ಯವಿಲ್ಲ. ನಾವು ಎಣಿಕೆಯನ್ನು ಬಿಡಬೇಕೆಂದು ಹೇಳುತ್ತಿಲ್ಲ. ಕನ್ನಡ ಇರಬೇಕಾದಲ್ಲಿ ಇದೆಯೇ ಎಂದು ಕೇಳಲು ಎಣಿಕೆ ಬೇಕೇ ಬೇಕು. ಅದು ಮೊದಲ ಅಧ್ಯಾಯ. ಅದನ್ನೇ ಕೊನೆಯ ಅಧ್ಯಾಯವಾಗಿಸಿದರೆ, ಸಂಕೇತವಾಗಿ ಗೆದ್ದ ಭಾಷೆಯು ಮಾಹಿತಿಯ ಕೆಲಸದಲ್ಲಿ ಇಂಗ್ಲಿಷಿನ ನೆರಳಾಗಿ ಉಳಿದದ್ದು ಯಾರಿಗೂ ಕಾಣುವುದಿಲ್ಲ. ಕನ್ನಡ ಸಾಲು ಗೌರವಕ್ಕೆ, ಇಂಗ್ಲಿಷ್ ಸಾಲು ದಾರಿಗೆ ಎಂಬ ಕೆಲಸದ ಹಂಚಿಕೆ ಸದ್ದಿಲ್ಲದೆ ನೆಲೆಗೊಳ್ಳುತ್ತದೆ. ಇದರ ನಷ್ಟ ಇಂಗ್ಲಿಷನ್ನೂ ಓದಬಲ್ಲವರಿಗೆ ಇಲ್ಲ. ಕನ್ನಡವೊಂದನ್ನೇ ಓದಬಲ್ಲ ಹಮಾಲಿಗೆ, ದರ್ಜಿಗೆ, ಊರಿನಿಂದ ಬಂದ ತಾಯಿಗೆ ಇದೆ. ಭಾಷಾ ಚಳವಳಿ ಯಾರ ಹೆಸರಿನಲ್ಲಿ ಮಾತನಾಡಿತೋ ಅವರೇ ಇವರು.

ಮೂರನೆಯ ಆಕ್ಷೇಪ ನಮ್ಮ ಮೇಲೆಯೇ ತಿರುಗುತ್ತದೆ. ಇಲ್ಲಿ ಹೇಳಿದ್ದು ವ್ಯಾಕರಣದ ತರ್ಕ. ಪ್ರಯಾಣಿಕರು ನಿಜಕ್ಕೂ ಎಡವುತ್ತಾರೆಯೇ ಎಂಬುದನ್ನು ತರ್ಕ ಸಾಬೀತುಪಡಿಸದು. ಈ ಮಾತನ್ನು ನಾವು ಪೂರ್ತಿಯಾಗಿ ಒಪ್ಪುತ್ತೇವೆ. ಅದಕ್ಕಾಗಿಯೇ ಈ ವಿಮರ್ಶೆಯನ್ನು ಒಂದು ಪ್ರಸ್ತಾವದೊಂದಿಗೆ ಮುಗಿಸಬೇಕಾಗಿದೆ. ದಾಖಲಿಸುವ ಪ್ರತಿಯೊಂದು ಫಲಕಕ್ಕೂ ಭಾಷೆ, ಗಾತ್ರ, ಸ್ಥಾನಗಳ ಜೊತೆಗೆ ಮೂರು ಪ್ರಶ್ನೆಗಳನ್ನು ಸೇರಿಸಬಹುದು. ಈ ಬರಹವನ್ನು ಓದುಗನು ಯಾವ ಪೂರ್ಣ ವಾಕ್ಯವಾಗಿ ಬಿಡಿಸಿಕೊಳ್ಳಬೇಕು? ಹಾಗೆ ಬಿಡಿಸಿಕೊಳ್ಳಲು ಬೇಕಾದ ಸುಳಿವು ಬರಹದಲ್ಲಿದೆಯೇ, ಚಿತ್ರದಲ್ಲಿದೆಯೇ, ಅವನು ನಿಂತ ಜಾಗದಲ್ಲಿದೆಯೇ? ಇದೇ ಸಂಗತಿಯನ್ನು ಅವನು ಪಕ್ಕದವರಲ್ಲಿ ಕೇಳುವುದಾದರೆ ಯಾವ ಪದಗಳಲ್ಲಿ ಕೇಳುತ್ತಾನೆ? ಮೂರನೆಯ ಪ್ರಶ್ನೆಗೆ ಉತ್ತರ ಛಾಯಾಚಿತ್ರದಲ್ಲಿ ಸಿಗುವುದಿಲ್ಲ. ಭದ್ರತಾ ಸಿಬ್ಬಂದಿಯ ಬಳಿ, ಟಿಕೆಟ್ ಗೇಟಿನ ಪಕ್ಕ, ಸಾಕಷ್ಟು ಹೊತ್ತು ನಿಂತು ಕೇಳಿಸಿಕೊಳ್ಳಬೇಕು. ಪ್ರಯಾಣಿಕರು ಕೇಳುವ ಪ್ರತಿಯೊಂದು ಪ್ರಶ್ನೆಯೂ ಯಾವುದೋ ಒಂದು ಫಲಕ ಹೇಳದೆ ಬಿಟ್ಟ ವಾಕ್ಯ.

8. ಉಪಸಂಹಾರ

ಚಿಕ್ಕಪೇಟೆ ನಿಲ್ದಾಣದ ಕನ್ನಡವನ್ನು ನಾವು ಮೂರು ಹಂತಗಳಲ್ಲಿ ನೋಡಿದೆವು. ಹೆಸರಿನ ಹಂತದಲ್ಲಿ, ಲಿಪಿಯನ್ನು ಭಾಷೆಯೆಂದು ಎಣಿಸಿದ್ದರಿಂದ ಒಂದೇ ಭಾಷೆಯ ಎರಡು ಶೈಲಿಗಳು ಕಣ್ಮರೆಯಾದವು. ದಾರಿಯ ಹಂತದಲ್ಲಿ, ನಾಮಪದ ಮತ್ತು ಬಾಣದ ಸೂತ್ರವು ಚತುರ್ಥಿಯನ್ನು ಕಳೆದು, ಮುಂದಕ್ಕೆ ಮತ್ತು ಮೇಲಕ್ಕೆಗಳ ಭೇದವನ್ನು ಅಳಿಸಿತು. ಧ್ವನಿಯ ಹಂತದಲ್ಲಿ, ರೈಲಿನ ಎಡ ಮತ್ತು ಕುಳಿತವನ ಎಡ ಬೇರೆಬೇರೆಯಾದವು. ಮೂರೂ ಸಂಗತಿಗಳು ಭಾಷಾವಿಜ್ಞಾನದ ಹಳೆಯ, ಪರಿಚಿತ ವಿಷಯಗಳೇ. ಧ್ವನಿಲೋಪ, ವಿಭಕ್ತಿ, ದಿಕ್ಸೂಚನೆಗಳನ್ನು ಪಾಠ ಮಾಡುವ ನಾವೇ ಫಲಕದ ಮುಂದೆ ನಿಂತಾಗ ಅವನ್ನೆಲ್ಲ ಮರೆತು ಬಣ್ಣದ ಚೌಕಗಳನ್ನು ಎಣಿಸಿದೆವು. ನಮ್ಮ ಗುಲಾಬಿ ಮಾರ್ಗದ ಸುರಂಗ ನಿಲ್ದಾಣಗಳ ಫಲಕಗಳು ಮುಂದಿನ ಸಂಶೋಧನಾ ವಿದ್ಯಾರ್ಥಿಗಳಿಗೆ ಕ್ಷೇತ್ರವಾಗಲಿವೆ. ಅವರ ಕೋಷ್ಟಕದಲ್ಲಿ ‘ಚಿಕ್ಕಪೇಟೆ’ಯಂಥ ಹೆಸರಿಗೆ ಒಂದು ಅಂಕಣವಿದ್ದರೆ, ‘ಚಿಕ್ಕಪೇಟೆಗೆ’ ಎಂಬ ರೂಪಕ್ಕೆ ಇನ್ನೊಂದಿರಲಿ.